ಬಾಗಿದ ಅಕ್ಷರಗಳ ಮನೆ

ಹೋದ ತಿಂಗಳು ನಮ್ಮ ಶಾಲೆಯ ಹುಡುಗಿಯರ ಥ್ರೋಬಾಲ್ ತಂಡಕ್ಕೆ ಅಂಗಿ ಮಾಡಿಸಲೆಂದು ಪೇಟೆಯ ಒಂದು ಜೆರ್ಸಿ ಅಂಗಡಿಗೆ ಹೋಗಿದ್ದೆ. ಅಂಗಡಿಯಾಕೆ ಕಂಪ್ಯೂಟರನ್ನು ನನ್ನ ಕಡೆಗೆ ತಿರುಗಿಸಿ ಶಾಲೆಯ ಹೆಸರನ್ನು ಬಗೆಬಗೆಯ ಅಕ್ಷರಗಳಲ್ಲಿ ತೋರಿಸುತ್ತಾ ಹೋದಳು. ಅವುಗಳಲ್ಲೊಂದು ಬಂದ ಕೂಡಲೇ ನಾನು ಆಕೆಯ ಕೈ ತಡೆದೆ. ದಪ್ಪ ಮೈ, ಬಲಕ್ಕೆ ಬಾಗಿದ ನಿಲುವು, ಗೆರೆ ಮುಗಿಯುವಲ್ಲೆಲ್ಲ ಇಟ್ಟಿಗೆಯಂಥ ಚೌಕ ಪಾದ. ಅದಕ್ಕೆ ಯಾವುದೋ ಇಂಗ್ಲಿಷ್ ಹೆಸರಿತ್ತು. ನನ್ನ ಮಟ್ಟಿಗೆ ಅದು ಕೂಳೂರಿನ ನಮ್ಮ ಮನೆಯ ಚಾವಡಿಯಲ್ಲಿ ಅಪ್ಪ ಟ್ರೇಸಿಂಗ್ ಹಾಳೆಯ ಮೇಲೆ ಬಗ್ಗಿ ಕೂತು ಬರೆಯುತ್ತಿದ್ದ ಅಕ್ಷರ.

"ಇದೇ ಇರ್ಲಿ ಮೇಡಂ, ಸ್ಪೋರ್ಟ್ಸಿಗೆ ಎಲ್ಲರೂ ಇದನ್ನೇ ಹಾಕಿಸುವುದು. ಇದ್ರಲ್ಲಿ ಸ್ಪೀಡ್ ಉಂಟು."

"ನೆಟ್ಟಗೆ ನಿಂತದ್ದು ಎಂತಾದ್ರೂ ಉಂಟಾ?"

"ನೆಟ್ಟಗೆ ನಿಂತದ್ದು ಮದುವೆ ಕಾಗದಕ್ಕೆ ಮೇಡಂ."

ನಾನು ಹಟ ಹಿಡಿದು ನೆಟ್ಟಗಿನ ಅಕ್ಷರವನ್ನೇ ಹಾಕಿಸಿದೆ. ಹುಡುಗಿಯರು ಅಂಗಿ ನೋಡಿ ಮುಖ ಸಪ್ಪೆ ಮಾಡಿಕೊಂಡರು. ಅವರಿಗೆ ಕಾರಣ ಹೇಳಲು ಹೋದರೆ ಒಂದು ಮನೆಯ ಕತೆಯನ್ನೇ ಹೇಳಬೇಕಿತ್ತು. ಬಾಲ್ಯವೆಂದರೆ ಸವಿನೆನಪು ಎಂದು ಕಣ್ಣು ಮುಚ್ಚಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ನನ್ನ ಬಾಲ್ಯಕ್ಕೆ ಸೀಮೆಎಣ್ಣೆಯ ವಾಸನೆ ಇತ್ತು, ಮತ್ತು ಅದರಲ್ಲಿ ಯಾರೂ ಯಾರೊಂದಿಗೂ ನೇರವಾಗಿ ಮಾತಾಡುತ್ತಿರಲಿಲ್ಲ.

ನಮ್ಮ ಮನೆ ಕೂಳೂರು ಸೇತುವೆಯ ಈಚೆ, ಹೆದ್ದಾರಿಯಿಂದ ಹೊಳೆಯ ಕಡೆಗೆ ಇಳಿಯುವ ಓಣಿಯಲ್ಲಿತ್ತು. ಅದು ಅಮ್ಮನಿಗೆ ಅವಳ ತಾಯಿಯ ಕಡೆಯಿಂದ ಪಾಲಿಗೆ ಬಂದ ಮನೆ. ಅಪ್ಪ ಮದುವೆಯಾಗಿ ಅಲ್ಲಿಗೆ ಬಂದವನು. ಬರುವಾಗ ಒಂದು ಟ್ರಂಕು, ಎರಡು ಕುಂಚ ತಂದಿದ್ದನಂತೆ. ಆಮೇಲೆ ಚಾವಡಿ ಪೂರ್ತಿ ಅವನದಾಯಿತು. ಅಲ್ಲಿ ಗೋಡೆಯಿಂದ ಗೋಡೆಗೆ ಮುಟ್ಟುವ ಪ್ರಿಂಟಿಂಗ್ ಮೇಜು, ಒಳಗಿನ ಕೋಣೆಗಳಲ್ಲಿ ತಲೆ ತಾಗುವ ಎತ್ತರಕ್ಕೆ ಕಟ್ಟಿದ ಹಗ್ಗಗಳು, ಹಗ್ಗದ ತುಂಬ ಒಣಗುವ ಅಂಗಿಗಳು. ಕಬಡ್ಡಿ ತಂಡಗಳು, ವಾಲಿಬಾಲ್ ತಂಡಗಳು, ಗದ್ದೆ ಕೊಯ್ಲು ಮುಗಿದ ಮೇಲೆ ಹುಟ್ಟಿ ಮಳೆಗಾಲಕ್ಕೆ ಮುಂಚೆ ಸಾಯುವ ಕ್ರಿಕೆಟ್ ತಂಡಗಳು, ಎಲ್ಲರ ಬೆನ್ನೂ ನಮ್ಮ ಮನೆಯಲ್ಲಿ ನೇತಾಡುತ್ತಿತ್ತು. ದೇವರ ಕೋಣೆಗೆ ಹೋಗಬೇಕಾದರೂ ಹನ್ನೊಂದು ಮಂದಿಯ ನಡುವೆ ನುಸುಳಿಯೇ ಹೋಗಬೇಕು. ಕುಚ್ಚಲಕ್ಕಿ ಗಂಜಿಗೂ ಬಂಗುಡೆ ಸಾರಿಗೂ ಶಾಯಿಯ, ಶಾಯಿ ಒರೆಸುವ ಸೀಮೆಎಣ್ಣೆಯ ವಾಸನೆ ಹತ್ತಿಕೊಂಡಿರುತ್ತಿತ್ತು. ನೆಂಟರು ಬಂದರೆ ಮೂಗು ಮುಚ್ಚುತ್ತಿದ್ದರು. ನಮಗೆ ಬೇರೆಯವರ ಮನೆಯ ಊಟವೇ ಸಪ್ಪೆ ಅನ್ನಿಸುತ್ತಿತ್ತು.

ಆ ಅಕ್ಷರ ಅಪ್ಪನಿಗೆ ಸಿಕ್ಕಿದ್ದು ಬಹರೈನಿನಲ್ಲಿದ್ದ ಸೋದರಮಾವ ತಂದುಕೊಟ್ಟ ಒಂದು ಟೀ ಶರ್ಟಿನಿಂದ. ಅದರ ಎದೆಯ ಮೇಲೆ ಯಾವುದೋ ದೂರದೇಶದ ಆಟದ ತಂಡದ ಹೆಸರಿತ್ತು. ಅಪ್ಪ ಅದನ್ನು ಒಂದು ಸಲವೂ ಮೈಗೆ ಹಾಕಲಿಲ್ಲ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿ ದಿನಗಟ್ಟಲೆ ನೋಡಿದ, ಆಮೇಲೆ ಅದೇ ಬಾಗು, ಅದೇ ಪಾದಗಳನ್ನು ಕನ್ನಡಕ್ಕೆ ತಂದ. ಕನ್ನಡದ ಅಕ್ಷರಗಳು ದುಂಡು, ಅವುಗಳಿಗೆ ಊರಲು ಕಾಲಿಲ್ಲ. ಅಪ್ಪ ಹೊಟ್ಟೆಯ ಕೆಳಗೆ ಚಪ್ಪಟೆ ಹಿಮ್ಮಡಿ ಕೊಟ್ಟ, ತಲೆಕಟ್ಟನ್ನು ಕೊಡಲಿಯಲ್ಲಿ ಕಡಿದಂತೆ ಓರೆ ಮಾಡಿದ. ಮೊದಲು ನೋಡಿದವರು ನಕ್ಕರಂತೆ. ಎರಡನೆಯ ವರ್ಷ ಪಣಂಬೂರಿನಿಂದ ಗುರುಪುರದವರೆಗಿನ ತಂಡಗಳಿಗೆ ಅದೇ ಅಕ್ಷರ ಬೇಕಾಯಿತು. ಬಣ್ಣದ ಕೈಯನ್ನು ನಿಕ್ಕರಿಗೆ ಒರೆಸುತ್ತಾ ಅವನು ನನಗೆ ಪಾಠ ಹೇಳುತ್ತಿದ್ದ. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ ಅಷ್ಟೆ.

"ಬಾಗಿದ್ರೆ ಸಾಲದು ಮಗಾ. ಕಾಲಿಲ್ಲದ್ದು ಬಾಗಿದ್ರೆ ಬೀಳ್ತದೆ. ಕಾಲು ಗಟ್ಟಿ ಊರಿ ಬಾಗಿದ್ರೆ ಅದು ಓಡ್ತದೆ."

ಅಕ್ಷರದ ವಿಷಯಕ್ಕೆ ಬಂದರೆ ಅಪ್ಪನಂಥ ಹಟಮಾರಿ ಇನ್ನೊಬ್ಬನಿಲ್ಲ. ಬಾಗು ಒಂದು ಕೂದಲೆಳೆ ಹೆಚ್ಚಾಗಲಿ, ಪಾದದ ಮೂಲೆ ಸ್ವಲ್ಪ ಹರಡಲಿ, ಆ ಅಂಗಿ ಹೊಸ್ತಿಲು ದಾಟುವಂತಿಲ್ಲ. ತಂಡದವರೇ ಬಂದು "ಪರವಾಗಿಲ್ಲ ಸಂಜೀವಣ್ಣ, ಕೊಡಿ, ಯಾರಿಗೆ ಗೊತ್ತಾಗ್ತದೆ" ಅಂದರೂ ಕೊಡುತ್ತಿರಲಿಲ್ಲ. ಒಮ್ಮೆ ಮಧ್ಯಾಹ್ನ ಪಂದ್ಯ ಇದ್ದಾಗ ಬೆಳಿಗ್ಗೆ ಒಬ್ಬನ ಅಂಗಿಯನ್ನು ತಡೆಹಿಡಿದಿದ್ದ. ಆ ಹುಡುಗ ಬನಿಯನ್ನಿನಲ್ಲಿ ಆಡಿದ. ಹಾಗೆ ಉಳಿದ ಅಂಗಿಗಳೆಲ್ಲ ನಮಗೆ. ನಾನೂ ಅಣ್ಣನೂ ಮನೆಯಲ್ಲಿ ಹಾಕುತ್ತಿದ್ದದ್ದು ಅವನ್ನೇ, ತಲೆದಿಂಬಿನ ಚೀಲವೂ ಒಲೆಯಿಂದ ಪಾತ್ರೆ ಇಳಿಸುವ ಬಟ್ಟೆಯೂ ಅವೇ. ಯಾವುದೋ ಊರಿನ ಯಾರದೋ ಹೆಸರಿನ ಮೇಲೆ ಕೆನ್ನೆಯಿಟ್ಟು ನಾನು ದೊಡ್ಡವಳಾದೆ.

ಅಪ್ಪನ ಕೆಲಸ ಬರೆಯುವುದು ಮತ್ತು ಅಂಗಿಯ ಮೇಲೆ ಒತ್ತುವುದು. ನಡುವಿನ ಕೆಲಸ ಅಮ್ಮನದು. ಮರದ ಚೌಕಟ್ಟಿಗೆ ಬಿಗಿದ ತೆಳು ಬಟ್ಟೆಗೆ, ಅಂದರೆ ಸ್ಕ್ರೀನಿಗೆ, ಅವಳು ಅಡುಗೆಕೋಣೆಯ ಪಕ್ಕದ ಕತ್ತಲೆ ಉಗ್ರಾಣದಲ್ಲಿ ಹಸಿರು ಮದ್ದು ಹಚ್ಚಿ ಒಣಗಿಸುವಳು. ಆಮೇಲೆ ಅದರ ಮೇಲೆ ಅಪ್ಪ ಕಪ್ಪು ಶಾಯಿಯಲ್ಲಿ ಬರೆದ ಹಾಳೆಯಿಟ್ಟು, ಗಾಜು ಹೇರಿ, ಅಂಗಳದ ಬಿಸಿಲಿಗೆ ಹಿಡಿಯುವಳು. ಬಿಸಿಲು ತಾಗಿದ ಕಡೆ ಮದ್ದು ಗಟ್ಟಿಯಾಗುತ್ತದೆ, ಅಕ್ಷರದ ನೆರಳು ಬಿದ್ದ ಕಡೆ ಹಾಗೇ ಉಳಿಯುತ್ತದೆ. ಬಾವಿಕಟ್ಟೆಯಲ್ಲಿ ನೀರು ಸುರಿದರೆ ನೆರಳಿನ ಭಾಗ ತೊಳೆದುಹೋಗಿ ಅಕ್ಷರದ ಆಕಾರದಲ್ಲಿ ದಾರಿ ತೆರೆಯುತ್ತದೆ. ಶಾಯಿ ಇಳಿಯುವುದು ಆ ದಾರಿಯಲ್ಲಿ. ಹಾಳೆಯನ್ನು ಮಗುಚಿ ಇಟ್ಟರೆ ಕನ್ನಡಿಯಲ್ಲಿ ಕಂಡಂತೆ ಅಕ್ಷರ ಉಲ್ಟಾ ಬೀಳುತ್ತದೆ, ಹಾಗಾಗಿ ಹಾಳೆಯ ಸರಿಯಾದ ಬದಿ ನೋಡುವುದೇ ಈ ಕೆಲಸದ ಮೊದಲ ಪಾಠ. ಅಮ್ಮ ಒಂದು ಸಲವೂ ಮಗುಚಿ ಇಟ್ಟವಳಲ್ಲ. ಮೋಡ ಕವಿದ ದಿನ ಎಷ್ಟು ಹೊತ್ತು ಹಿಡಿಯಬೇಕು, ಕಡಲಗಾಳಿ ಬೀಸುವಾಗ ಎಷ್ಟು ಹೊತ್ತು, ಎಲ್ಲವೂ ಅವಳ ಚರ್ಮಕ್ಕೆ ಗೊತ್ತಿತ್ತು. ಅವಳ ಕೈ ತಪ್ಪಿತು ಎಂಬ ಮಾತು ಆ ಮನೆಯಲ್ಲಿ ಹುಟ್ಟಿಯೇ ಇರಲಿಲ್ಲ.

ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಿನವಿಡೀ ಕೆಲಸ ದಾಟುತ್ತಿದ್ದ ಇಬ್ಬರು ಜಗಳವಾಡಿದರೆ ಎಂತ ಮಾಡುವುದು? ಮಾತು ಬಿಡುತ್ತಿದ್ದರು. ಕೆಲಸ ಬಿಡುತ್ತಿರಲಿಲ್ಲ. ನಡುವೆ ಓಡಾಡುತ್ತಿದ್ದವಳು ನಾನು. "ನಿನ್ನ ಅಮ್ಮನಿಗೆ ಹೇಳು ನೀಲಿ ಮುಗಿದಿದೆ ಅಂತ." "ನಿನ್ನ ಅಪ್ಪನಿಗೆ ಹೇಳು ಗಂಜಿ ಆರ್ತಾ ಉಂಟು ಅಂತ." ಇಬ್ಬರೂ ಒಂದೇ ಕೋಣೆಯಲ್ಲಿ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರ ಇರುತ್ತಿದ್ದರು. ಆದರೂ ನಾನು ಮತ್ತೊಮ್ಮೆ ಹೇಳಬೇಕಿತ್ತು. ಹೇಳದಿದ್ದರೆ ಕೇಳಿಸಲಿಲ್ಲ ಎಂಬಂತೆ ಕೂರುತ್ತಿದ್ದರು. ನನಗೆ ಸಾಕುಸಾಕಾಗಿತ್ತು.

ನಾನು ಹೇಳಹೊರಟಿರುವ ಜಗಳ ಅಣ್ಣನ ಕಾಲಿನದು. ಅಣ್ಣ ದಿನೇಶ ಹೊಳೆಬದಿಯ ತಂಡದಲ್ಲಿ ಕಬಡ್ಡಿ ಆಡುತ್ತಿದ್ದ, ಎಂಟನೆಯ ನಂಬರು. ಎದುರಾಳಿಯ ಅಂಕಣಕ್ಕೆ ನುಗ್ಗಿ ಮುಟ್ಟಿ ಬರುವುದು ಅವನ ಕೆಲಸ. ಆಗ ಅವನಿಗೆ ಮೀಸೆ ಸರಿಯಾಗಿ ಬಂದಿತ್ತು, ನಾನು ಇನ್ನೂ ಎರಡು ಜಡೆ ಹಾಕುವವಳು. ದೀಪಾವಳಿಯ ಹೊತ್ತಿಗೆ ಒಂದು ಪಂದ್ಯದಲ್ಲಿ ನಾಲ್ಕು ಜನ ಅವನ ಮೇಲೆ ಬಿದ್ದರು. ಬಲ ಮೊಣಕಾಲು ತಿರುಚಿತು. ಎದ್ದು, ಮಣ್ಣು ಕೊಡವಿ, ಉಳಿದ ಆಟ ಮುಗಿಸಿ ಬಂದ. ಅಪ್ಪ ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ. ಆಮೇಲೆ ಅಣ್ಣ ಬಚ್ಚಲಿನಿಂದ ಬರುವಾಗ ಗೋಡೆ ಹಿಡಿಯುವುದನ್ನು ಅಮ್ಮ ನೋಡಿದಳು. ಊಟಕ್ಕೆ ಚಾಪೆಯಲ್ಲಿ ಕೂರುವಾಗ ಬಲಗಾಲನ್ನು ಮಡಚದೆ ಉದ್ದಕ್ಕೆ ಚಾಚುವುದನ್ನು ನಾನೂ ನೋಡಿದೆ. ಅಪ್ಪ ಪ್ರತಿ ಮಧ್ಯಾಹ್ನ ಅನ್ನ ಕಲಸುತ್ತಾ ಒಂದೇ ಪ್ರಶ್ನೆ ಕೇಳುತ್ತಿದ್ದ.

"ಓಡ್ಲಿಕ್ಕೆ ಆಗ್ತದಲ್ಲ?"

"ಆಗ್ತದೆ."

ಅಲ್ಲಿಗೆ ಮುಗಿಯಿತು. ಓಡಲು ಆಗುತ್ತದೆಯೋ ಎಂದು ಕೇಳಿದವನಿಗೆ ನೋವಿನ ಸುದ್ದಿ ಹೇಗೆ ಹೇಳುವುದು? ನಮ್ಮ ಮನೆಯಲ್ಲಿ ಯಾರೂ ನೋಯುತ್ತದೆ ಎನ್ನುತ್ತಿರಲಿಲ್ಲ. ಮದ್ದು ತಾಗಿ ಅಮ್ಮನ ಬೆರಳ ಸಂದು ಬಿರಿದಿದ್ದರೂ ಅವಳು ಅದೇ ಕೈಯಲ್ಲಿ ಮೆಣಸು ಅರೆಯುತ್ತಿದ್ದಳು. ಇವತ್ತು ಶಾಲೆಯ ಅಂಗಳದಲ್ಲಿ ಮಗುವೊಂದು ಬಿದ್ದರೆ ನಾನು ಮೊದಲು ಕೇಳುವುದು ನೋಯ್ತದಾ ಎಂದು. ಎದ್ದೇಳು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಒಂದು ಗುರುವಾರ ಅಮ್ಮ, ಎಲ್ಲ ಮತದವರೂ ಹರಕೆ ಹೊರುವ ಬಿಕರ್ನಕಟ್ಟೆಯ ಬಾಲಯೇಸುವಿಗೆ ಮೇಣದಬತ್ತಿ ಹಚ್ಚಿ ಬರುವುದಾಗಿ ಹೇಳಿ ಅಣ್ಣನನ್ನೂ ನನ್ನನ್ನೂ ಕರೆದುಕೊಂಡು ಹೊರಟಳು. ಹಚ್ಚಿದ್ದೂ ನಿಜ. ಅಲ್ಲಿಂದ ನೇರ ಎಲುಬಿನ ಡಾಕ್ಟರರ ಹತ್ತಿರ ಹೋದೆವು. ಅವರು ಮೊಣಕಾಲನ್ನು ಅತ್ತಿತ್ತ ಆಡಿಸಿ ನೋಡಿದಾಗ ಅಣ್ಣ ಮಂಚದ ಕಬ್ಬಿಣವನ್ನು ಬಿಗಿಯಾಗಿ ಹಿಡಿದುಕೊಂಡ. ಒಳಗಿನ ನರ ಅರ್ಧ ಹರಿದಿದೆ, ಇನ್ನೊಂದು ಸಲ ತಿರುಚಿದರೆ ಈ ಕಾಲು ಮತ್ತೆ ಸರಿಯಾಗಿ ಮಡಚುವುದಿಲ್ಲ, ಈ ವರ್ಷ ಆಟದ ಸುದ್ದಿ ಬೇಡ ಎಂದರು ಡಾಕ್ಟರು. ಆದರೆ ಆ ವರ್ಷವೇ ಆಟದ ಸುದ್ದಿ ಬೇಕಾಗಿತ್ತು. ತಿಂಗಳು ಕಳೆದರೆ ವಾಮಂಜೂರಿನಲ್ಲಿ ಪಂದ್ಯ, ಅಲ್ಲಿಗೆ ಸರ್ಕಾರದ ಒಂದು ಇಲಾಖೆಯ ತಂಡಕ್ಕೆ ಹುಡುಗರನ್ನು ಆರಿಸುವವರು ಬರುವವರಿದ್ದರು. ಆರಿಸಿದರೆ ಕೆಲಸ, ಜನ್ಮಪೂರ್ತಿ. ಅಪ್ಪ ಆ ಕೆಲಸವನ್ನು ಆಗಲೇ ಕಣ್ಣಲ್ಲಿ ಕಂಡುಬಿಟ್ಟಿದ್ದ. ಅಮ್ಮ ಡಾಕ್ಟರ ಮಾತು ಹೇಳಿದಾಗ ಚಾವಡಿಯಲ್ಲಿ ದೊಡ್ಡ ಜಗಳವಾಯಿತು. ಆಮೇಲೆ ಮಾತು ನಿಂತಿತು, ನನ್ನ ಓಡಾಟ ಶುರುವಾಯಿತು.

"ನಿನ್ನ ಅಪ್ಪನಿಗೆ ಹೇಳು, ಹುಡುಗನಿಗೆ ನೋವುಂಟು ಅಂತ."

"ನಿನ್ನ ಅಮ್ಮನಿಗೆ ಹೇಳು, ಅದನ್ನು ಹುಡುಗ ಹೇಳಲಿ. ಅವನು ಒಂದು ಸಲ ಹೇಳಿದ್ರೆ ನಾನೇ ನಿಲ್ಲಿಸ್ತೇನೆ."

ಅಮ್ಮ ಅಣ್ಣನನ್ನು ಬಾವಿಕಟ್ಟೆಗೆ ಕರೆದು ಕೇಳಿಕೊಂಡಳು, ಬೈದಳು, ಒಂದು ದಿನ ಅತ್ತಳು. ಅಣ್ಣ ತಲೆ ತಗ್ಗಿಸಿ ಕಾಲಬೆರಳಿನಿಂದ ಪಾಚಿ ಕೆರೆಯುತ್ತಿದ್ದ. "ಒಂದೇ ಪಂದ್ಯ ಅಲ್ವಾ ಅಮ್ಮ" ಎನ್ನುತ್ತಿದ್ದ. ಅವನಿಗೆ ನಿಜವಾಗಿ ಏನು ಬೇಕಾಗಿತ್ತೆಂದು ಆಗ ನಮಗೆ ಯಾರಿಗೂ ಗೊತ್ತಿರಲಿಲ್ಲ. ಎಲ್ಲರೂ ಅವನ ಕಾಲಿನ ಬಗ್ಗೆಯೇ ಮಾತಾಡುತ್ತಿದ್ದೆವು.

ಪಂದ್ಯಕ್ಕೆ ತಂಡದವರು ಹೊಸ ಅಂಗಿ ಬೇಕೆಂದರು. ಒಬ್ಬೊಬ್ಬರಿಗೆ ಒಂದೊಂದೇ, ಕಡುನೀಲಿಯ ಮೇಲೆ ಹಳದಿ ಅಕ್ಷರ. ಅಂಕಿಗಳಿಗೆ ಒಂದೊಂದು ಸ್ಕ್ರೀನು ಮೊದಲೇ ಇತ್ತು. ಎಂಟರದ್ದು ಮಾತ್ರ ಬಟ್ಟೆ ಹರಿದಿತ್ತು. ಅಪ್ಪ ಎಂಟನ್ನು ಹೊಸದಾಗಿ ಬರೆದ. ಅದಕ್ಕಾಗಿ ಅರ್ಧ ದಿನ ಕೂತ. ಅಷ್ಟು ಚಂದದ ಎಂಟನ್ನು ನಾನು ಆಮೇಲೂ ನೋಡಿಲ್ಲ. ನಿಂತಲ್ಲೇ ಓಡಲು ಹೊರಟ ಹಾಗಿತ್ತು. ಪಂದ್ಯದ ಹಿಂದಿನ ದಿನ ಬೆಳಿಗ್ಗೆ ಅಮ್ಮ ಸ್ಕ್ರೀನನ್ನು ಅಂಗಳಕ್ಕೆ ತಂದಳು. ಗಾಜು ಹಿಡಿಯಲು ನಾನಿದ್ದೆ. ಅವಳು ಹಾಳೆಯನ್ನು ಇಟ್ಟಳು. ಅದು ಮಗುಚಿತ್ತು.

"ಅಮ್ಮ, ಹಾಳೆ ಉಲ್ಟಾ ಉಂಟು."

"ಗೊತ್ತುಂಟು. ಗಾಜು ಇಡು."

ಅವಳ ಮುಖ ನೋಡಿ ನಾನು ಗಾಜು ಇಟ್ಟೆ. ಬೇರೆ ಅಂಕಿಯಾಗಿದ್ದರೆ ತೊಳೆಯುವಾಗಲೇ ಯಾರಿಗಾದರೂ ತಿಳಿಯುತ್ತಿತ್ತು. ಇಂಗ್ಲಿಷಿನ ಎಂಟು (8) ಎರಡೂ ಬದಿ ಒಂದೇ ಥರ. ಮಗುಚಿದರೆ ಅದು ಎಂಟೇ, ಬಾಗು ಮಾತ್ರ ಹಿಂದಕ್ಕೆ. ಸ್ಕ್ರೀನನ್ನು ಮುಂದಿನಿಂದಲೂ ನೋಡಬಹುದು, ಹಿಂದಿನಿಂದಲೂ ನೋಡಬಹುದು, ಹಾಗಾಗಿ ಅಂಗಿಯ ಮೇಲೆ ಬೀಳುವವರೆಗೆ ಅಪ್ಪನಿಗೂ ಕಾಣುವಂತಿರಲಿಲ್ಲ. ಅಮ್ಮ ಏನನ್ನು ನಂಬಿ ಈ ಕೆಲಸ ಮಾಡಿದಳೆಂದು ನನಗೆ ಹೇಳಬೇಕಾಗಿರಲಿಲ್ಲ. ತಪ್ಪು ಅಂಗಿ ಈ ಮನೆಯ ಹೊಸ್ತಿಲು ದಾಟುವುದಿಲ್ಲ. ಇನ್ನೊಂದು ನೀಲಿ ಅಂಗಿ ಇಲ್ಲ, ಹುಡುಗರನ್ನು ಆರಿಸುವ ಪಂದ್ಯದಲ್ಲಿ ನಂಬರಿನ ಅಂಗಿ ಇಲ್ಲದವನನ್ನು ಅಂಕಣಕ್ಕೆ ಬಿಡುವುದೂ ಇಲ್ಲ. ಗಂಡನ ಅಕ್ಷರದ ಹಟ ಮಗನ ಕಾಲನ್ನು ಉಳಿಸುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು.

ಉಳಿದ ಅಂಗಿಗಳೆಲ್ಲ ಹಿಂದಿನ ದಿನವೇ ಮುಗಿದಿದ್ದವು. ಎಂಟನ್ನು ಅಪ್ಪ ಪಂದ್ಯದ ಬೆಳಿಗ್ಗೆ, ಸ್ನಾನ ಮಾಡಿ, ದೇವರಿಗೆ ದೀಪ ಇಟ್ಟು ಒತ್ತಿದ. ರಬ್ಬರಿನ ಹಿಡಿಯನ್ನು ಮೇಲಿನಿಂದ ಕೆಳಗೆ ಒಂದೇ ಎಳೆತಕ್ಕೆ ಎಳೆದು ಸ್ಕ್ರೀನು ಎತ್ತಿದ. ಎತ್ತಿದವನು ಹಾಗೇ ನಿಂತ. ಹಳದಿ ಎಂಟು ಹಿಂದಕ್ಕೆ ಬಾಗಿ, ಯಾರೋ ಅಂಗಿಯನ್ನು ಹಿಡಿದು ಎಳೆದಂತೆ ಕಾಣುತ್ತಿತ್ತು. ಅಮ್ಮ ಅಡುಗೆಕೋಣೆಯ ಬಾಗಿಲಲ್ಲಿದ್ದಳು. ಅಣ್ಣ ಜಗಲಿಯಲ್ಲಿ ಮೊಣಕಾಲಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದ.

"ನಿನ್ನ ಅಮ್ಮನ ಹತ್ರ ಕೇಳು, ಇದು ಎಂತ ಅಂತ."

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ನೇರವಾಗಿ ಅವನಿಗೇ ಹೇಳಿದಳು.

"ಕೈ ತಪ್ಪಿದ್ದಲ್ಲ. ನಾನೇ ಮಗುಚಿದ್ದು. ನೀವು ಬರೆದದ್ದೆಲ್ಲ ಮುಂದೆ ಹೋಗ್ಲಿಕ್ಕೆ. ಕಬಡ್ಡಿಯಲ್ಲಿ ಹೋದವ ತಿರುಗಿ ಬರ್ಬೇಕಲ್ಲ. ನನಗೆ ಅವನು ತಿರುಗಿ ಬರ್ಬೇಕು."

ಅಪ್ಪ ಕಿರುಚುತ್ತಾನೆ, ಅಂಗಿಯನ್ನು ಹರಿದೆಸೆಯುತ್ತಾನೆ ಎಂದು ನಾನು ಕಾದೆ. ಹರಿಯಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವನು ಅಂಗಿಯನ್ನು ಮೇಜಿನಿಂದ ಮೆಲ್ಲಗೆ ಬಿಡಿಸಿದ. ಅಂಗಳಕ್ಕೆ ತೆಗೆದುಕೊಂಡು ಹೋಗಿ ಬಿಸಿಲಿನಲ್ಲಿ ಹಿಡಿದು ನಿಂತ, ಶಾಯಿ ಒಣಗುವವರೆಗೆ ಹಾಗೇ ನಿಂತಿದ್ದ. ಆಮೇಲೆ ಜಗಲಿಗೆ ಬಂದು ಅಣ್ಣನ ಕೈಗೆ ಕೊಟ್ಟ.

"ಹಾಕ್ಕೋ. ಅಕ್ಷರ ಯಾರು ನೋಡ್ತಾರೆ."

ನನ್ನ ಬಾಲ್ಯದಲ್ಲಿ ನನ್ನನ್ನು ಅತಿ ಹೆಚ್ಚು ಹೆದರಿಸಿದ ಮಾತು ಅದು. ಅಮ್ಮನ ಮುಖ ಬಿಳಿಚಿಕೊಂಡಿತು. ಅಪ್ಪನಿಗೆ ಅಕ್ಷರಕ್ಕಿಂತ ದೊಡ್ಡದು ಯಾವುದೂ ಇಲ್ಲವೆಂದು ನಂಬಿ ಅವಳು ಅಷ್ಟು ವರ್ಷ ಸಂಸಾರ ಮಾಡಿದ್ದಳು. ಆ ಕೆಲಸದ ಆಸೆ ಅದಕ್ಕಿಂತಲೂ ದೊಡ್ಡದಾಗಿತ್ತು. ಅಥವಾ ಬಾಲ್ಯ ಪೂರ್ತಿ ಬಾಡಿಗೆಮನೆಗಳಲ್ಲಿ ಕಳೆದು ಹೆಂಡತಿಯ ಮನೆಯಲ್ಲಿ ಬದುಕಿದವನಿಗೆ ಮಗನಾದರೂ ತನ್ನ ಕಾಲ ಮೇಲೆ ನಿಲ್ಲಲಿ ಎಂಬ ಹಟವಿತ್ತೋ ಏನೋ. ಇದನ್ನು ನಾನು ಯೋಚಿಸಿದ್ದು ಬಹಳ ತಡವಾಗಿ, ಅಪ್ಪ ತೀರಿಹೋದ ಮೇಲೆ. ಆಗ ನನಗೆ ಅವನ ಮೇಲೆ ಸಿಟ್ಟು ಮಾತ್ರ ಬಂತು.

ಅಣ್ಣ ಅಂಗಿ ಹಾಕಿಕೊಂಡ. ಅಮ್ಮನ ಕಡೆ ನೋಡಲಿಲ್ಲ. ಅಮ್ಮ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಅಪ್ಪ ಸ್ಕೂಟರನ್ನು ಓಣಿಗೆ ಇಳಿಸಿ ಒದ್ದು ಶುರು ಮಾಡಿದ. ಅಣ್ಣ ಹಿಂದಿನಿಂದ ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟು, ಎಡಗಾಲೂರಿ, ಬಲಗಾಲನ್ನು ಸೀಟಿನ ಆಚೆಗೆ ದಾಟಿಸಲು ಎತ್ತಿದ. ಕಾಲು ಅರ್ಧಕ್ಕೆ ನಿಂತಿತು. ಇಳಿಸಿ ಮತ್ತೆ ಎತ್ತಿದ. ನಾನು ಗೇಟಿನ ಹತ್ತಿರ ನಿಂತು ಅವನ ಬೆನ್ನನ್ನೇ ನೋಡುತ್ತಿದ್ದೆ. ಅವನ ಬೆನ್ನು ಅಲುಗಾಡತೊಡಗಿತು. ಮೊದಲು ಸ್ಕೂಟರಿನ ನಡುಕ ಎಂದುಕೊಂಡೆ, ಆದರೆ ಅವನು ಅಳುತ್ತಿದ್ದ.

"ಅಪ್ಪ, ನೋಯ್ತದೆ."

ಅಪ್ಪ ತಿರುಗಲಿಲ್ಲ. ಇಂಜಿನ್ನಿನ ಸದ್ದಿಗೆ ಕೇಳಿಸಲಿಲ್ಲವೋ ಎಂದುಕೊಂಡೆ.

"ತುಂಬ ನೋಯ್ತದೆ ಅಪ್ಪ. ನನಗೆ ಹೆದರಿಕೆ ಆಗ್ತದೆ. ನನಗೆ ಹೋಗುದು ಬೇಡ."

ಅಪ್ಪ ಸ್ಕೂಟರ್ ನಿಲ್ಲಿಸಿದ. ಹೆಗಲ ಮೇಲಿದ್ದ ಅಣ್ಣನ ಕೈಯನ್ನು ತೆಗೆಯಲಿಲ್ಲ, ಮುಟ್ಟಲೂ ಇಲ್ಲ. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಆಮೇಲೆ ಅವನು ಇಳಿದು, ಸ್ಕೂಟರನ್ನು ಸ್ಟ್ಯಾಂಡಿಗೆ ಹಾಕಿ, ಅಣ್ಣನನ್ನು ತೋಳು ಹಿಡಿದು ಜಗಲಿಯವರೆಗೆ ತಂದು ಕೂರಿಸಿದ.

ಆ ಕೆಲಸ ಬೇರೆ ಯಾರಿಗೋ ಆಯಿತು. ಅಪ್ಪ ಕೊಟ್ಟ ಮಾತಿನಂತೆ ಅಣ್ಣನ ಆಟ ನಿಲ್ಲಿಸಿದ, ಆದರೆ ಆ ವರ್ಷವೆಲ್ಲ ಅವನ ಮುಖ ನೋಡಿ ಮಾತಾಡಲಿಲ್ಲ. ಅಣ್ಣ ಮುಂದೆ ಮಸ್ಕತ್ತಿಗೆ ಹೋದ, ಬಂದ, ಈಗ ಬಿಕರ್ನಕಟ್ಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಮೊಮ್ಮಗಳ ಜೊತೆ ನೆಲದಲ್ಲಿ ಚಕ್ಕಳಮಕ್ಕಳ ಹಾಕಿ ಕೂರುತ್ತಾನೆ. ಆ ದಿನ ಹೋಗಿದ್ದರೆ ಒಳ್ಳೆಯದಾಗುತ್ತಿತ್ತೇನೋ ಎಂದು ಅವನು ಒಮ್ಮೊಮ್ಮೆ ಅನ್ನುವುದುಂಟು.

ಅಣ್ಣನನ್ನು ಕೂರಿಸಿ ಅಪ್ಪ ಚಾವಡಿಗೆ ಬಂದ. ನಾನು ಅಲ್ಲೇ ಇದ್ದೆ, ಏನಾದರೂ ಹೇಳಿಕಳಿಸುತ್ತಾನೆ ಎಂದು ಕಾದೆ. ಅವನು ನನ್ನನ್ನು ದಾಟಿ, ನೇತಾಡುವ ಅಂಗಿಗಳನ್ನು ಸರಿಸುತ್ತಾ ಅಡುಗೆಕೋಣೆಯೊಳಗೆ ಹೋದ. ಅಮ್ಮ ಒಲೆಯಿಂದ ಕಣ್ಣು ತೆಗೆಯಲಿಲ್ಲ. ತಿಂಗಳಿಡೀ ಅವಳು ಹೇಳಿಕಳಿಸಿದ ಮಾತನ್ನೇ ಅವನು ತನಗೆ ಈಗಷ್ಟೇ ಗೊತ್ತಾದ ಸುದ್ದಿಯಂತೆ ಅವಳ ಹತ್ತಿರ ಕೂತು ಹೇಳಿದ.

"ಹುಡುಗನಿಗೆ ನೋಯ್ತದಂತೆ."

ಅಮ್ಮ ಅವನನ್ನು ನೋಡಿದಳು.

"ಹೌದಾ," ಎಂದಳು.